ಮನೆಯ ಪರೀಕ್ಷೆ: ಅದರ ವ್ಯಾಪ್ತಿಯೂ ಮೇರೆಯೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಗೃಹಸ್ಥರು ನಮ್ಮ ನಾಡಿನಲ್ಲಿ ಇರಲಾರರು. ಈ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂಬುದು ಕಟ್ಟತಕ್ಕ ವಸ್ತುವಾಗಿತ್ತಲ್ಲದೆ ಕೊಳ್ಳತಕ್ಕ ವಸ್ತುವಾಗಿರಲಿಲ್ಲ. ತಳಪಾಯಕ್ಕೆ ಬಿದ್ದ ಕಲ್ಲೆಷ್ಟು, ಗಾರೆಗೆ ಬೆರೆತ ಮರಳೆಷ್ಟು ಎಂಬುದೆಲ್ಲವೂ ಕಟ್ಟಿಸುವವನ ಕಣ್ಣೆದುರಿಗೇ ನಡೆಯುತ್ತಿತ್ತು. ಈಗಲಾದರೋ, ಪರರು ಕಟ್ಟಿಸಿ, ಪರರು ಬಾಳಿ, ಸುಣ್ಣಬಣ್ಣ ಬಳಿದು ಮುಂದಿಟ್ಟ ಮನೆಯನ್ನು ಕೊಳ್ಳುವವರು ಅನೇಕರಿದ್ದಾರೆ. ಅಂಥವರು “ಮನೆ ಕೊಂಡು ನೋಡು” ಎಂಬ ಮೂರನೆಯ ಮಾತೊಂದನ್ನು ಗಾದೆಗೆ ಸೇರಿಸಿಕೊಳ್ಳುವುದು ಲೇಸು.

ನಂಜನಗೂಡಿನ ವಾಚಕರೊಬ್ಬರು ನಮಗೆ ಹೀಗೆ ಬರೆದಿದ್ದಾರೆ: “ಕೊಳ್ಳಬೇಕೆಂದಿರುವ ಮನೆಯನ್ನು ಇಂಜಿನಿಯರರೊಬ್ಬರಿಂದ ಪರೀಕ್ಷೆ ಮಾಡಿಸಿದೆವು. ದೋಷ ಕಂಡುಬಂದಿಲ್ಲವೆಂದು ವರದಿ ಕೊಟ್ಟಿದ್ದಾರೆ. ಇನ್ನು ಮುಂಗಡ ಕೊಡಬಹುದಷ್ಟೆ?” ಈ ಪ್ರಶ್ನೆಯನ್ನು ಓದಿದಾಗ ನಮ್ಮ ಮನಸ್ಸಿಗೆ ಕಸಿವಿಸಿಯಾಯಿತು. ಇದೇ ಪ್ರಶ್ನೆಯನ್ನು 2022ನೆಯ ಇಸವಿಯಲ್ಲಿ ನಮ್ಮ ಸೋದರಿಯ ಮಗಳು ನಮ್ಮನ್ನು ಕೇಳಿದ್ದಳು. ನಾವು ಯೋಚಿಸದೆ “ಕೊಡಬಹುದು” ಎಂದಿದ್ದೆವು. ಆ ಮಾತಿಗಾಗಿ ಇಂದಿಗೂ ಪಶ್ಚಾತ್ತಾಪಪಡುತ್ತಿದ್ದೇವೆ. ಆದಕಾರಣ ಈ ತಿಂಗಳು ಮನೆಯ ಪರೀಕ್ಷೆಯೆಂದರೇನು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯಲಾರದು ಎಂಬುದನ್ನು ನಮಗೆ ತೋರಿದಮಟ್ಟಿಗೆ ವಿವರಿಸುವೆವು.

ಪರೀಕ್ಷಕನು ಮಾಡತಕ್ಕ ಕೆಲಸವು ಮುಖ್ಯವಾಗಿ ನೋಡುವುದು, ತಟ್ಟುವುದು, ಅಳೆಯುವುದು ಮತ್ತು ನಡೆಸಿ ನೋಡುವುದು. ಗೋಡೆ ಲಂಬವಾಗಿದೆಯೇ, ನೆಲ ಮಟ್ಟವಾಗಿದೆಯೇ, ಬಿರುಕು ಎಲ್ಲಿದೆ, ಬಾಗಿಲು ಕಿಟಕಿಗಳು ಸರಾಗವಾಗಿ ಮುಚ್ಚುವುವೇ, ನಲ್ಲಿಯಲ್ಲಿ ನೀರು ಬರುವುದೇ, ಬಚ್ಚಲ ನೀರು ನಿಲ್ಲದೆ ಹರಿಯುವುದೇ, ವಿದ್ಯುತ್ತಿನ ಪೆಟ್ಟಿಗೆಯಲ್ಲಿ ರಕ್ಷಣೆಯ ಸ್ವಿಚ್ಚು ಕೆಲಸಮಾಡುವುದೇ, ಭೂಮಿಗೆ ಸಂಪರ್ಕ ಕೊಟ್ಟಿದೆಯೇ ಎಂಬುದನ್ನು ಅವನು ನೋಡುತ್ತಾನೆ. ಗೋಡೆಯ ತೇವವನ್ನು ಅಳೆಯುವ ಸಣ್ಣ ಯಂತ್ರವೂ ಶಾಖದ ವ್ಯತ್ಯಾಸವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವೂ ಕೆಲವರಲ್ಲಿ ಇರುವುವು. ಇಷ್ಟನ್ನೂ ಎರಡು ಮೂರು ಗಂಟೆಗಳಲ್ಲಿ ಮುಗಿಸಿ, ಚಿತ್ರಗಳ ಸಹಿತ ವರದಿಯನ್ನು ಬರೆದುಕೊಡುತ್ತಾನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ವೃತ್ತಿಗೆ ಲೈಸೆನ್ಸು ಬೇಕು. ಏನನ್ನು ನೋಡತಕ್ಕದ್ದು ಎಂಬುದಕ್ಕೆ ಕಟ್ಟಳೆಯೂ ಉಂಟು. ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ಕಾನೂನು ಇನ್ನೂ ಆಗಿಲ್ಲ. ಆದ್ದರಿಂದ ಇಲ್ಲಿ ಪರೀಕ್ಷೆಯ ವ್ಯಾಪ್ತಿಯೆಂದರೆ, ಅವನೂ ನೀವೂ ಮೊದಲೇ ಮಾಡಿಕೊಂಡ ಒಪ್ಪಂದದಲ್ಲಿ ಇರುವಷ್ಟು ಮಾತ್ರ.

ಇನ್ನು ನಮ್ಮ ಮನೆಯ ವೃತ್ತಾಂತಕ್ಕೆ ಬರೋಣ. ನಾವು ತಿರುಮಕೂಡಲು ನರಸೀಪುರದವರು. ಸೋದರಿಯ ಮಗಳು ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ನಂಜನಗೂಡಿನಲ್ಲಿ ನೌಕರಿಮಾಡುತ್ತ, ಮಗನೊಡನೆ ಬಾಡಿಗೆಯ ಮನೆಯಲ್ಲಿದ್ದಳು. ಗಂಡನ ಕಡೆಯಿಂದ ಬಂದ ಹಣ, ತಾನು ಉಳಿಸಿದ ಹಣ, ಬ್ಯಾಂಕಿನ ಸಾಲ ಇಷ್ಟನ್ನೂ ಕೂಡಿಸಿ ಹಳೆಯ ಹೆಂಚಿನ ಮನೆಯೊಂದನ್ನು ಕೊಳ್ಳಲು ಹೊರಟಳು. ನಡುವೆ ಚಿಕ್ಕ ತೊಟ್ಟಿ, ಸುತ್ತ ಮರದ ಕಂಬಗಳು, ಹಿಂದೆ ಈಚೆಗೆ ಕಟ್ಟಿದ ಬಚ್ಚಲು. ಹೊಸ ಬಣ್ಣದಿಂದ ಮನೆ ಹಬ್ಬದಂತೆ ಕಾಣುತ್ತಿತ್ತು. ಫಾಲ್ಗುಣದ ಬಿಸಿಲಿನಲ್ಲಿ ಯುವಕ ಇಂಜಿನಿಯರೊಬ್ಬನು ಬಂದು ಮೂರು ಗಂಟೆಗಳ ಕಾಲ ಶ್ರದ್ಧೆಯಿಂದ ನೋಡಿ ವರದಿ ಕೊಟ್ಟನು. ಅದರಲ್ಲಿ “ಛಾವಣಿಯಲ್ಲಿ ಸೋರಿಕೆ ಕಂಡುಬಂದಿಲ್ಲ, ತೊಲೆಗಳಲ್ಲಿ ಗೆದ್ದಲಿನ ಚಿಹ್ನೆ ಕಂಡುಬಂದಿಲ್ಲ” ಎಂದಿತ್ತು. ನಾವು ಕನ್ನಡಕವನ್ನೇರಿಸಿ ಆ ಸಾಲುಗಳನ್ನು ಓದಿ, “ಚೆನ್ನಾಗಿದೆಯಮ್ಮ, ಮುಂದುವರಿಸು” ಎಂದೆವು. ವೈಶಾಖದಲ್ಲಿ ಕ್ರಯಪತ್ರ ನೋಂದಣಿಯಾಯಿತು.

ಆಶ್ವಯುಜದ ಮಳೆ ಹಿಡಿದಾಗ ನಡುಮನೆ ಸೋರತೊಡಗಿತು. ಒಂದು ರಾತ್ರಿ ಬಚ್ಚಲ ಗೋಡೆಯ ಕಡೆಯ ತೊಲೆ ನಾಲ್ಕು ಬೆರಳಿನಷ್ಟು ಕುಸಿದು, ಹೆಂಚುಗಳು ಜಾರಿ ನೆಲಕ್ಕೆ ಬಿದ್ದುವು. ಹುಡುಗ ದಿನವೂ ಮಲಗುತ್ತಿದ್ದುದು ಆ ತೊಲೆಯ ಕೆಳಗೇ. ಅಂದು ಮಾತ್ರ, ಸೋರುತ್ತಿದೆಯೆಂದು ಹಾಸಿಗೆಯನ್ನು ಅಡುಗೆಯ ಮನೆಗೆ ಎಳೆದುಕೊಂಡಿದ್ದನು. ಬೆಳಗ್ಗೆ ಬಡಗಿಯು ಬಂದು ಗೋಡೆಯನ್ನು ಬಿಡಿಸಿ ನೋಡಿದರೆ, ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಯು ಗೆದ್ದಲು ತಿಂದು ಹಿಟ್ಟಾಗಿತ್ತು. ಹೊರಗಿನ ಭಾಗ ಮಾತ್ರ ಗಟ್ಟಿಯಾಗಿಯೇ ಇತ್ತು. ತೊಲೆ, ಗೋಡೆ, ಹೆಂಚು ಎಲ್ಲಕ್ಕೂ ಸೇರಿ ಮೂರು ಲಕ್ಷ ರೂಪಾಯಿಗಳ ವೆಚ್ಚವಾಯಿತು. ಆ ಹಣವನ್ನು ಅವಳು ಒಡವೆಯನ್ನು ಅಡವಿಟ್ಟು ತಂದಳು.

ನಾವು ಕೋಪದಿಂದ ಇಂಜಿನಿಯರನನ್ನು ಕರೆಸಿ ಕೇಳಿದೆವು. ಆತನು ಸಮಾಧಾನದಿಂದ, “ಮೇಷ್ಟ್ರೇ, ಎರಡನೆಯ ಪುಟವನ್ನು ಓದಿದಿರಾ?” ಎಂದನು. ನಾವು ಓದಿರಲಿಲ್ಲ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗೋಡೆಯೊಳಗೆ ಹುದುಗಿದ ಭಾಗಗಳನ್ನು ನೋಡಿಲ್ಲ; ಹೊಸ ಬಣ್ಣದ ಅಡಿಯಲ್ಲಿರುವುದು ತಿಳಿಯದು; ಪರೀಕ್ಷೆಯ ದಿನ ಮಳೆಯಿರಲಿಲ್ಲ. ಆತನು ಸುಳ್ಳು ಬರೆದಿರಲಿಲ್ಲ. ಸತ್ಯವನ್ನು ನಾವು ಅರ್ಧ ಮಾತ್ರ ಓದಿದ್ದೆವು. ನಮ್ಮ ಹುಡುಗಿಯು ನಮ್ಮನ್ನು ದೂರಲಿಲ್ಲ. “ನೀವು ಓದಿ ಒಪ್ಪಿದಿರಲ್ಲಾ ಮಾವ, ಅದಕ್ಕೇ ನಾನು ಓದಲಿಲ್ಲ” ಎಂದಷ್ಟೇ ಅಂದಳು. ದೂರಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ತಪ್ಪು ಯಾವುದೆಂಬುದನ್ನು ನಾವು ಕಲಿತ ಶಾಸ್ತ್ರವೇ ಹೇಳುತ್ತದೆ. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅದ್ವೈತ ವೇದಾಂತಿಗಳೂ “ಅನುಪಲಬ್ಧಿ” ಎಂಬ ಪ್ರಮಾಣವೊಂದನ್ನು ಅಂಗೀಕರಿಸುತ್ತಾರೆ. ಒಂದು ವಸ್ತುವು ಕಾಣದಿರುವುದರಿಂದಲೇ ಅದು ಅಲ್ಲಿಲ್ಲವೆಂದು ತಿಳಿಯುವುದು ಅದರ ಬಗೆ. ಬೆಳಕಿರುವ ಕೋಣೆಯಲ್ಲಿ ನೆಲದ ಮೇಲೆ ಕೊಡವು ಕಾಣಲಿಲ್ಲವಾದರೆ ಕೊಡವಿಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಏನೂ ನಿಶ್ಚಯವಾಗುವುದಿಲ್ಲ. ಆದುದರಿಂದಲೇ ಶಾಸ್ತ್ರಕಾರರು ಬರಿಯ ಅನುಪಲಬ್ಧಿ ಸಾಲದು, “ಯೋಗ್ಯಾನುಪಲಬ್ಧಿ” ಬೇಕು ಎಂದರು. ಎಂದರೆ, ವಸ್ತುವು ಅಲ್ಲಿ ಇದ್ದಿದ್ದರೆ ಕಾಣಲು ಯೋಗ್ಯವಾಗಿದ್ದಿರಬೇಕು. ಹಾಗಿದ್ದೂ ಕಾಣದಿದ್ದರೆ ಮಾತ್ರ ಅದಿಲ್ಲವೆನ್ನಬಹುದು. ಇದನ್ನು ಹುಡುಗರಿಗೆ ಎಷ್ಟೋ ಸಲ ಬೋಧಿಸಿದ ನಾವು, “ಕಂಡುಬಂದಿಲ್ಲ” ಎಂಬ ಮಾತನ್ನು “ಇಲ್ಲ” ಎಂದು ಓದಿದೆವು!

ಮನೆಯ ವರದಿಯನ್ನು ಓದುವ ಗೃಹಸ್ಥನಿಗೆ ಇದೊಂದೇ ಕೀಲಿಕೈ. ಪ್ರತಿಯೊಂದು ಸಾಲಿಗೂ “ಈ ದೋಷವು ಇದ್ದಿದ್ದರೆ, ಆ ದಿನ, ಆ ರೀತಿಯ ಪರೀಕ್ಷೆಯಿಂದ ಕಾಣುತ್ತಿತ್ತೇ?” ಎಂದು ಕೇಳಬೇಕು. ಕಾಣುತ್ತಿತ್ತೆಂದರೆ ಆ ಸಾಲನ್ನು ನಂಬಬಹುದು. ಕಾಣುತ್ತಿರಲಿಲ್ಲವೆಂದರೆ ಆ ಸಾಲಿನಿಂದ ನಮಗೆ ಯಾವ ಜ್ಞಾನವೂ ಬಂದಿಲ್ಲವೆಂದೇ ತಿಳಿಯಬೇಕು. ಈ ಪ್ರಶ್ನೆಯನ್ನು ಮನೆಯ ಒಂದೊಂದು ಅಂಗಕ್ಕೂ ಹಾಕಿ ನೋಡೋಣ.

ಮೊದಲನೆಯದು ಛಾವಣಿ. ಬೇಸಗೆಯಲ್ಲಿ ನೋಡಿದ ಹೆಂಚಿನ ಛಾವಣಿಯು ಸೋರದೆಂಬುದಕ್ಕೆ ಅರ್ಥವೇ ಇಲ್ಲ. ಒಡೆದ ಹೆಂಚು, ಜಾರಿದ ಹೆಂಚು, ಜಂತೆಯ ಮೇಲಿನ ನೀರಿನ ಕಲೆ ಇವು ಕಾಣುವ ಗುರುತುಗಳು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇವುಗಳಿಂದ ಸೋರಿಕೆಯನ್ನು ಊಹಿಸಬಹುದು. ಆದರೆ ಹೊಸ ಬಣ್ಣವು ಗುರುತನ್ನೇ ಅಳಿಸುತ್ತದೆ. ಹೊಗೆ ಕಾಣದಷ್ಟರಿಂದ ಬೆಂಕಿಯಿಲ್ಲವೆಂದು ಹೇಳಲಾಗದು. ಕಾಂಕ್ರೀಟಿನ ತಾರಸಿಯ ವಿಷಯವೂ ಹೀಗೆಯೇ. ಒಳಗಿನ ಕಬ್ಬಿಣದ ಸರಳಿಗೆ ನೀರು ಮುಟ್ಟಿ ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಸೀಳಿದ ಮೇಲೆ ಸರಳಿನ ಉದ್ದಕ್ಕೂ ಬಿರುಕು ಕಾಣುತ್ತದೆ. ತಟ್ಟಿದರೆ ಟೊಳ್ಳಿನ ದನಿ ಬರುತ್ತದೆ. ಅದಕ್ಕೆ ಮುಂಚೆ ಬರಿಗಣ್ಣಿಗೆ ಏನೂ ಕಾಣದು. ಕಾಂಕ್ರೀಟಿನ ಮೇಲೆ ಪುಟಿಸಿ ನೋಡುವ ಸುತ್ತಿಗೆಯ ಯಂತ್ರವೂ ಮೇಲ್ಮೈಯ ಗಡಸುತನವನ್ನು ತೋರಿಸುವುದೇ ಹೊರತು ಒಳಗಿನ ಸರಳಿನ ಸ್ಥಿತಿಯನ್ನು ತೋರಿಸದು.

ಎರಡನೆಯದು ಮರ. ಗೆದ್ದಲು ತೇವವನ್ನರಸಿ ಬರುವ ಹುಳು. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರಿನ ಗುರುತುಗಳನ್ನು ಹೇಳುವಾಗ ಹುತ್ತವನ್ನೂ ಎಣಿಸಿದ್ದಾನೆ. ಮನೆಯೊಳಗೂ ಅದೇ ನ್ಯಾಯ: ಬಚ್ಚಲು, ಅಡುಗೆಯ ಮನೆ, ನೀರಿನ ತೊಟ್ಟಿ ಇವುಗಳ ಗೋಡೆಗೆ ಹುದುಗಿದ ತೊಲೆಯ ತುದಿಗಳನ್ನು ಮೊದಲು ಸಂಶಯಿಸಬೇಕು. ಮರವನ್ನು ಗೋಡೆಯ ಸಮೀಪದಲ್ಲಿ ತಟ್ಟಿ, ದಬ್ಬಳದಿಂದ ಚುಚ್ಚಿ ನೋಡಿದರೆ ಸ್ವಲ್ಪ ತಿಳಿದೀತು. ಗೋಡೆಯೊಳಗಿನದನ್ನು ತಿಳಿಯಬೇಕಾದರೆ ಮಾರುವವನ ಅನುಮತಿಯಿಂದ ಒಂದೆರಡು ಕಡೆ ಗಾರೆಯನ್ನು ಬಿಡಿಸಲೇಬೇಕು. ಪರೀಕ್ಷಕನು ತಾನಾಗಿ ಬಿಡಿಸುವುದಿಲ್ಲ. ಮನೆ ಇನ್ನೂ ಪರರದಷ್ಟೆ.

ಮೂರನೆಯದು ನೆಲ. ಅದೇ ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಭೂಮಿಯ ಪರೀಕ್ಷೆಯೊಂದು ಹೇಳಿದೆ. ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಿದರೆ, ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ಅಧಮ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಬಂದು, ನೀರು ಇಂಗಿದೆಯೇ ಎಂದು ನೋಡುವುದೂ ಉಂಟು. ಈ ಪರೀಕ್ಷೆಯು ಇಂದಿನ ಮಣ್ಣಿನ ಪರೀಕ್ಷೆಗೆ ಸಮವಲ್ಲ. ಆದರೆ ನೆಲವನ್ನು ಅಗೆದೇ ನೋಡತಕ್ಕದ್ದು, ಕಟ್ಟುವ ಮುನ್ನವೇ ನೋಡತಕ್ಕದ್ದು ಎಂಬ ವಿವೇಕ ಅದರಲ್ಲಿದೆ. ಮನೆ ಎದ್ದ ಮೇಲೆ ತಳಪಾಯವನ್ನು ಯಾರೂ ಕಾಣರು. ಗೋಡೆಯ ಬಿರುಕಿನಿಂದ ಊಹಿಸಬೇಕು. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ, ಅದರ ಮೇಲಿನ ಗೋಡೆಯಲ್ಲಿ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಏಳುವುದುಂಟು. ಒಂದು ದಿನದ ಪರೀಕ್ಷೆಯು ಬಿರುಕನ್ನು ಕಾಣುವುದು. ಬಿರುಕಿನ ನಡೆಯನ್ನು ಕಾಣದು. ಬೆಳೆಯುವ ಬಿರುಕೋ ನಿಂತ ಬಿರುಕೋ ಎಂಬುದು ತಿಳಿಯಬೇಕಾದರೆ, ಅದರ ತುದಿಯಲ್ಲಿ ಗೆರೆಯೆಳೆದು ತಾರೀಖು ಬರೆದು, ಕೆಲವು ತಿಂಗಳ ಮೇಲೆ ಮತ್ತೆ ನೋಡಬೇಕು.

ನಾಲ್ಕನೆಯದು ನೀರು ಮತ್ತು ಕಾಲ. ನಮ್ಮ ನರಸೀಪುರದ ಕಡೆ ಗದ್ದೆಯ ಬಯಲಿಗೆ ಹೊಂದಿಕೊಂಡ ಮನೆಗಳಲ್ಲಿ, ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಗೋಡೆಯ ಬುಡಕ್ಕೆ ತೇವವೇರುವುದನ್ನು ನಾವು ಕಂಡಿದ್ದೇವೆ. ನಾಲೆ ಒಣಗಿದಾಗ ನೋಡಿದವನಿಗೆ ಅದೇ ಗೋಡೆ ಬೆಳ್ಳಗೆ ಕಾಣುವುದು. ನಂಜನಗೂಡಿನ ಹೊಳೆಯಂಚಿನ ಬೀದಿಗಳದು ಇನ್ನೊಂದು ಬಗೆ. ಕಪಿಲೆಯ ಪ್ರವಾಹವು ಊರಿನ ಮಳೆಯಿಂದಲ್ಲ, ವಯನಾಡಿನ ಮಳೆಯಿಂದ ಬರುತ್ತದೆ. ಬೀಚನಹಳ್ಳಿಯ ಕಬಿನಿ ಜಲಾಶಯವು 2284 ಅಡಿಗಳ ಪೂರ್ಣಮಟ್ಟಕ್ಕೆ ಬಂದ ಮೇಲೆ, ಒಳಹರಿವೆಲ್ಲವನ್ನೂ ಹೊಳೆಗೆ ಬಿಡದೆ ವಿಧಿಯಿಲ್ಲ. 2018ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಹೊಳೆ ಉಕ್ಕಿ ತಗ್ಗಿನ ಪ್ರದೇಶಗಳಿಗೆ ನುಗ್ಗಿತು. ಎರಡನೆಯ ಸಲ ಜಲಾಶಯದಿಂದ ಬಿಟ್ಟ ನೀರು ಲಕ್ಷ ಕ್ಯೂಸೆಕ್ಕನ್ನು ಮೀರಿತ್ತು. ಆ ನೀರು ಈ ಮನೆಯ ಹೊಸ್ತಿಲನ್ನು ದಾಟಿತ್ತೇ ಎಂಬುದನ್ನು ಪರೀಕ್ಷಕನ ಯಂತ್ರವು ಹೇಳದು. ಎದುರು ಮನೆಯ ಅಜ್ಜಿಯನ್ನು ಕೇಳಿದರೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾಳೆ.

“ಇಷ್ಟು ವರ್ಷ ನಿಂತ ಮನೆ, ಇನ್ನೇನು ಬೀಳುತ್ತದೆ?” ಎಂಬ ಮಾತನ್ನು ಮಾರುವವರು ಹೇಳುವುದುಂಟು. ನಂಜನಗೂಡಿನಲ್ಲಿ 1735ರಲ್ಲಿ ಕಟ್ಟಿದ ದಳವಾಯಿ ಸೇತುವೆಯು ಇಂದಿಗೂ ನಿಂತಿದೆಯೆಂಬುದು ನಿಜ. ಆದರೆ ನಿಂತದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ; ಅದರ ಓರಗೆಯ ಕಟ್ಟಡಗಳಲ್ಲಿ ಬಿದ್ದುಹೋದವನ್ನು ಎಣಿಸುವವರಾರು? ಹಳೆಯದೆಂಬುದು ಗಟ್ಟಿಯೆಂಬುದಕ್ಕೆ ಹೇತುವಾಗಲಾರದು.

ಇನ್ನು ಪರೀಕ್ಷೆಯ ವ್ಯಾಪ್ತಿಗೆ ಸೇರದ ವಿಷಯಗಳು ಕೆಲವುಂಟು. ಮಾರುವವನಿಗೆ ಹಕ್ಕಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ನಿವೇಶನದ ಎಲ್ಲೆ ಎಲ್ಲಿಗೆ, ಕಟ್ಟಡಕ್ಕೆ ಅನುಮತಿ ಇತ್ತೇ ಎಂಬಿವನ್ನು ವಕೀಲರಿಂದಲೂ ಭೂಮಾಪಕರಿಂದಲೂ ತಿಳಿಯಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯುವ ಋಣಭಾರ ಪತ್ರಕ್ಕೂ ನಮ್ಮ ಕೀಲಿಕೈಯೇ ಹೊಂದುತ್ತದೆ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದನ್ನು ಕೊಡುತ್ತಾರೆ. ನಮೂನೆ 16 ಬಂದಿತೆಂದರೆ, ನೀವು ಕೇಳಿದ ವರ್ಷಗಳೊಳಗೆ ನೋಂದಣಿಯಾದ ವ್ಯವಹಾರ ಕಾಣಲಿಲ್ಲವೆಂದಷ್ಟೇ ಅರ್ಥ. ನೋಂದಣಿಯಾಗದ ಒಪ್ಪಂದ ಅಲ್ಲಿ ಕಾಣತಕ್ಕ ವಸ್ತುವೇ ಅಲ್ಲ. ಬ್ಯಾಂಕಿನವರು ಕಳುಹಿಸುವ ಮೌಲ್ಯಮಾಪಕನನ್ನೂ ಪರೀಕ್ಷಕನೆಂದು ಭ್ರಮಿಸಕೂಡದು. ಸಾಲಕ್ಕೆ ಈ ಸ್ವತ್ತು ಸಾಕೇ ಎಂದು ಬ್ಯಾಂಕಿನ ಪರವಾಗಿ ನೋಡುವುದು ಅವನ ಕೆಲಸ. ನಿಮ್ಮ ತೊಲೆಯ ಚಿಂತೆ ಅವನದಲ್ಲ.

ಕಾಣಲಾಗದ ದೋಷಕ್ಕೆ ಕಾನೂನಿನಲ್ಲಿ ಆಸರೆಯೇ ಇಲ್ಲವೆಂದಲ್ಲ. 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದ ಮೇರೆಗೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರಿಕೆಯಿಂದ ಅವನಿಗೆ ತಿಳಿಯಲಾಗದ, ಮಹತ್ತ್ವದ ದೋಷವನ್ನು ಮಾರುವವನು ತಿಳಿಸತಕ್ಕದ್ದು. ಈ ಶಾಸನವೂ ನಮ್ಮ ಶಾಸ್ತ್ರದಂತೆಯೇ ಕಾಣಬಹುದಾದ ದೋಷ, ಕಾಣಲಾಗದ ದೋಷ ಎಂದು ವಿಂಗಡಿಸಿದೆಯೆಂಬುದನ್ನು ವಾಚಕರು ಗಮನಿಸಬೇಕು. ಕಾಣಬಹುದಾದುದನ್ನು ನೋಡದೆ ಬಿಟ್ಟವನಿಗೆ ಈ ಆಸರೆ ದೊರೆಯದು. ಮಾರಿದವನಿಗೆ ಗೊತ್ತಿತ್ತೆಂದು ರುಜುಪಡಿಸುವುದೂ ಸುಲಭವಲ್ಲ. ನಮ್ಮ ಹುಡುಗಿಯು ಅದಕ್ಕೇ ಕೋರ್ಟಿಗೆ ಹೋಗಲಿಲ್ಲ. ಆದಕಾರಣ “ಸೋರಿತ್ತೇ? ಗೆದ್ದಲು ಹಿಡಿದಿತ್ತೇ? ಹೊಳೆಯ ನೀರು ಬಂದಿತ್ತೇ?” ಎಂಬ ಪ್ರಶ್ನೆಗಳನ್ನು ಕ್ರಯಕ್ಕೆ ಮುಂಚೆ ಬರೆದು ಕೇಳಿ, ಉತ್ತರವನ್ನೂ ಬರೆಹದಲ್ಲಿಯೇ ಪಡೆಯಿರಿ. ಹೊಸದಾಗಿ ಕಟ್ಟಿ ಮಾರುವವರ ವಿಷಯದಲ್ಲಿ 2016ರ ರೇರಾ ಕಾಯಿದೆಯು ಇನ್ನೂ ಬಿಗಿಯಾಗಿದೆ. ಅದಕ್ಕೊಳಪಟ್ಟ ಕಟ್ಟಡದಲ್ಲಿ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ರಚನೆಯ ದೋಷವನ್ನು ತಿಳಿಸಿದರೆ, ಕಟ್ಟಿಸಿದವರು 30 ದಿನಗಳೊಳಗೆ ತಮ್ಮ ವೆಚ್ಚದಿಂದ ಸರಿಪಡಿಸತಕ್ಕದ್ದು. ಹಳೆಯ ಹೆಂಚಿನ ಮನೆಗೆ ಆ ಭಾಗ್ಯವಿಲ್ಲ.

ಹಾಗಾದರೆ ಪರೀಕ್ಷೆಯನ್ನೇ ಬಿಡಬಹುದೇ? ಎಂದಿಗೂ ಕೂಡದು. ಪಂಚಾಂಗವು ಮಳೆಯನ್ನು ತಡೆಯದೆಂದು ಯಾರೂ ಪಂಚಾಂಗವನ್ನು ಎಸೆಯುವುದಿಲ್ಲ. ಆ ಯುವಕನೇ ನಮಗೆ ತೋರಿಸಿಕೊಟ್ಟ ವಿದ್ಯುತ್ತಿನ ದೋಷವೊಂದನ್ನು ಸರಿಪಡಿಸಿದ್ದರಿಂದ ಆ ಮನೆಯಲ್ಲಿ ಒಂದು ಅಪಾಯ ತಪ್ಪಿತು. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. ಪರೀಕ್ಷೆ ಮಾಡಿಸಿರಿ, ಕೂಡಿದರೆ ಮಳೆಗಾಲದಲ್ಲಿ ಮಾಡಿಸಿರಿ. ಪರೀಕ್ಷಕನ ಜೊತೆಯಲ್ಲಿಯೇ ನಡೆದು, ಎಲ್ಲೆಲ್ಲಿ ಅವನು ಹತ್ತಲಿಲ್ಲ, ಯಾವ ಬಾಗಿಲು ತೆರೆಯಲಿಲ್ಲ ಎಂಬುದನ್ನು ಬರೆದುಕೊಳ್ಳಿರಿ. ವರದಿ ಬಂದೊಡನೆ ಮಿತಿಗಳನ್ನು ಹೇಳಿದ ಪುಟವನ್ನೇ ಮೊದಲು ಓದಿರಿ. ಅಲ್ಲಿ ಎಣಿಸಿದ ಕಾಣದ ಭಾಗಗಳಲ್ಲಿ ಮುಖ್ಯವಾದವನ್ನು ಬಿಡಿಸಿ ನೋಡಲು ಅನುಮತಿ ಬೇಡಿರಿ. ಮಾರುವವನು ಒಪ್ಪದಿದ್ದರೆ ಆ ಸಂಶಯಕ್ಕೆ ತಕ್ಕಂತೆ ಬೆಲೆಯನ್ನು ಇಳಿಸಿ ಕೇಳಿರಿ. ಎಲ್ಲ ಮಾಡಿದ ಮೇಲೂ ಉಳಿಯುವ ಅಜ್ಞಾತಕ್ಕಾಗಿ ಸ್ವಲ್ಪ ಹಣವನ್ನು ಬೇರೆಯಾಗಿಟ್ಟುಕೊಂಡು, ಉಳಿದುದರಲ್ಲಿ ಮನೆ ಕೊಳ್ಳಿರಿ.

ನಮಗೆ ಬರೆದ ವಾಚಕರಿಗೆ ನಮ್ಮ ಉತ್ತರವಿಷ್ಟು: ಮುಂಗಡವನ್ನು ಇಂದೇ ಕೊಡಬೇಡಿ. ವರದಿಯನ್ನು ಮತ್ತೊಮ್ಮೆ ತೆಗೆದು, “ಕಂಡುಬಂದಿಲ್ಲ” ಎಂದಿರುವ ಕಡೆಯಲ್ಲೆಲ್ಲ ಗೆರೆಯೆಳೆದು, ಇದ್ದಿದ್ದರೆ ಕಾಣುತ್ತಿತ್ತೇ ಎಂದು ಆ ಇಂಜಿನಿಯರರನ್ನೇ ಕೇಳಿರಿ. ಪ್ರಾಮಾಣಿಕರಾದ ಪರೀಕ್ಷಕರು ಈ ಪ್ರಶ್ನೆಗೆ ಮುನಿಯುವುದಿಲ್ಲ.

ನಮ್ಮ ಹುಡುಗಿಯ ಮನೆಯಲ್ಲಿ ಈಗ ಹೊಸ ತೊಲೆಯಿದೆ. ಅದರ ತುದಿಯನ್ನು ಗೋಡೆಗೆ ಹುದುಗಿಸದೆ, ಕಾಣುವಂತೆ ಕಲ್ಲಿನ ಮೇಲೆ ಕೂರಿಸಿದ್ದಾರೆ. ಪಕ್ಕದ ಗೋಡೆಯ ಸಣ್ಣ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆದಿದೆ. ವರ್ಷವರ್ಷವೂ ಆಶ್ವಯುಜದ ಮಳೆ ನಿಂತ ಮೇಲೆ ಮಗನು ಏಣಿ ಹತ್ತಿ ನೋಡಿ, ಗೆರೆ ದಾಟಿದೆಯೇ ಇಲ್ಲವೇ ಎಂದು ನಮಗೆ ತಿಳಿಸುತ್ತಾನೆ. ಈವರೆಗೆ ದಾಟಿಲ್ಲ.